ಗೀಸರ್ ನೀರು ಕಾಯಿಸದಿದ್ದಾಗ

ಸ್ವಿಚ್ ಹಾಕಿ ಅರ್ಧ ಗಂಟೆಯಾದರೂ ನಲ್ಲಿಯಲ್ಲಿ ತಣ್ಣೀರೇ ಬಂದರೆ ಗೀಸರ್ ಕೆಟ್ಟಿತು ಎನ್ನುತ್ತೇವೆ. ಕೆಟ್ಟಿದ್ದು ಯಾವ ಭಾಗ ಎಂಬುದೇ ಮುಖ್ಯ. ಕರೆಂಟು ಎಂಸಿಬಿ ದಾಟಿ, ಥರ್ಮೋಸ್ಟಾಟ್ ಮತ್ತು ಕಟ್‌ಔಟ್ ಹಾದು ಕಾಯಿಲ್ ಸೇರುತ್ತದೆ. ಅದೇ ದಾರಿಯಲ್ಲಿ ಒಂದೊಂದಾಗಿ ನೋಡುತ್ತ ಹೋದರೆ ದೋಷ ಸಿಗುತ್ತದೆ.

ಎಷ್ಟು ಹೊತ್ತು ಬೇಕು?

15 ಲೀಟರ್, 2,000 ವ್ಯಾಟ್‌ನ ಗೀಸರ್ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 18 ನಿಮಿಷ ತೆಗೆದುಕೊಳ್ಳುತ್ತದೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲಿಗೆ ಸಿಗುವುದು ಸುಮಾರು 1,225 ವ್ಯಾಟ್ ಮಾತ್ರ; ಅದೇ ಕೆಲಸಕ್ಕೆ 30 ನಿಮಿಷ ಬೇಕಾಗುತ್ತದೆ. ನೀರು ತಡವಾಗಿಯಾದರೂ ಕಾಯುತ್ತಿದ್ದು, ಫ್ಯಾನೂ ನಿಧಾನವಾಗಿ ತಿರುಗುತ್ತಿದ್ದರೆ ವೋಲ್ಟೇಜ್ ಪರೀಕ್ಷಿಸಿ.

ನೀವೇ ನೋಡಬಹುದಾದ್ದು

1. ಎಂಸಿಬಿ ಬಿದ್ದಿದೆಯೇ? ಒಮ್ಮೆ ಮೇಲಕ್ಕೆತ್ತಿ. ಮತ್ತೆ ಬಿದ್ದರೆ ಬಲವಂತ ಮಾಡಬೇಡಿ. ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಬೀಳುತ್ತಿದ್ದರೆ, ಕಾಯಿಲಿನ ಕವಚ ಸೀಳಿ ಕರೆಂಟು ನೀರಿಗೆ ಸೋರುತ್ತಿರಬಹುದು. ಅಂಥ ಗೀಸರಿನ ನೀರಲ್ಲಿ ಸ್ನಾನ ಮಾಡಲೇಬಾರದು.

2. ಪ್ಲಗ್ ಕರಿದಾಗಿದೆಯೇ? 2,000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಇದನ್ನು ತಾಳದೆ ಸುಡುತ್ತದೆ. 16 ಆಂಪಿಯರ್‌ನದೇ ಬೇಕು.

3. ದೀಪ ಏನು ಹೇಳುತ್ತಿದೆ? ಎರಡು ದೀಪಗಳಿರುವ ಗೀಸರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕರೆಂಟು ಬಂದಿರುವುದನ್ನೂ ಇನ್ನೊಂದು ನೀರು ಕಾಯುತ್ತಿರುವುದನ್ನೂ ತೋರಿಸುತ್ತದೆ. ನೀರು ತಣ್ಣಗಿದ್ದೂ ಎರಡನೆಯದು ಹತ್ತದಿದ್ದರೆ ಥರ್ಮೋಸ್ಟಾಟ್ ಅಥವಾ ಕಟ್‌ಔಟ್ ಮೇಲೆ ಅನುಮಾನ. ಹತ್ತಿದ್ದೂ ನೀರು ಕಾಯದಿದ್ದರೆ ಕಾಯಿಲ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಮುಚ್ಚಳ ತೆಗೆಯುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅವರು ಕೈಯಿಡುವ ಮುನ್ನ ಎಂಸಿಬಿ ಇಳಿಸಿ. ವೈರಿಂಗ್ ತಪ್ಪಿದ್ದರೆ ಸ್ವಿಚ್ ಆರಿಸಿದ ಮೇಲೂ ಒಳಗೆ ಕರೆಂಟು ಇರುತ್ತದೆ.

ಕಟ್‌ಔಟ್ ಯಾಕೆ ಬಿತ್ತು?

ನೀರು ಬೇಕಾದಷ್ಟು ಬಿಸಿಯಾದಾಗ ಥರ್ಮೋಸ್ಟಾಟ್ ಕರೆಂಟು ನಿಲ್ಲಿಸುತ್ತದೆ. ಅದು ಅಂಟಿಕೊಂಡು ನಿಲ್ಲಿಸದೆ ಹೋದರೆ ಕಟ್‌ಔಟ್ ಬೀಳುತ್ತದೆ. ಹಲವು ಗೀಸರ್‌ಗಳಲ್ಲಿ ಅದರ ಗುಂಡಿಯನ್ನು ಕೈಯಿಂದಲೇ ಒತ್ತಿ ಕೂರಿಸಬೇಕು. ಮತ್ತೆ ಬಿದ್ದರೆ ಕಾರಣ ಹುಡುಕಲೇಬೇಕು. ಕೆಲವರು ಬೇಸತ್ತು ಕಟ್‌ಔಟನ್ನೇ ತಪ್ಪಿಸಿ ವೈರು ನೇರ ಕೊಡುತ್ತಾರೆ. ಆಗ ನೀರು ಕುದಿದು ಒತ್ತಡ ಏರಿದರೆ ಉಳಿಯುವ ರಕ್ಷಣೆ ಸೇಫ್ಟಿ ವಾಲ್ವ್ ಒಂದೇ. ಅದೂ ಕಟ್ಟಿಕೊಂಡಿದ್ದರೆ ಟ್ಯಾಂಕೇ ಸಿಡಿಯಬಹುದು. ಈ ಕೆಲಸಕ್ಕೆ ಯಾರೂ ಒಪ್ಪಬಾರದು.

ಸುಣ್ಣದ ಕಾಟ

ಬಯಲುಸೀಮೆಯ ಬೋರ್‌ವೆಲ್ ನೀರು ಹೆಚ್ಚಾಗಿ ಗಡಸು. ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕಾರ್ಬೊನೇಟ್ ಆಗಿ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲ್ ತನ್ನೊಳಗೇ ಬೇಯುತ್ತದೆ, ಕೊನೆಗೆ ಸುಡುತ್ತದೆ. ಕಾಯುವಾಗ ಸುಯ್ ಎಂಬ ಸದ್ದು, ನಲ್ಲಿಯಲ್ಲಿ ಬಿಳಿ ಚಕ್ಕೆ ಇದರ ಮುನ್ಸೂಚನೆ. ಪದರ ತೆಗೆಯದೆ ಹೊಸ ಕಾಯಿಲ್ ಹಾಕಿಸಿದರೆ ಟ್ಯಾಂಕಿನ ತಳದ ಸುಣ್ಣ ಅದನ್ನೂ ಮುಚ್ಚುತ್ತದೆ. ಇಂಥ ನೀರಿರುವ ಮನೆಯಲ್ಲಿ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ತೊಳೆಸಿ. ಆಗಲೇ ಮೆಗ್ನೀಸಿಯಂ ಸರಳನ್ನೂ ನೋಡಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಸವೆದಿದ್ದರೆ ಬದಲಿಸಿ.

ಕಾಯಿಲ್, ಥರ್ಮೋಸ್ಟಾಟ್, ಕಟ್‌ಔಟ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಇವುಗಳಲ್ಲೊಂದು ಹೋಯಿತೆಂದು ಗೀಸರನ್ನೇ ಎಸೆಯಬೇಕಿಲ್ಲ. ಒಳಗಿನ ಟ್ಯಾಂಕು ತೂತಾಗಿ ಸೋರುತ್ತಿದ್ದರೆ ಮಾತ್ರ ಹೊಸದನ್ನು ಕೊಳ್ಳಿ.