ದೋಣಿಯ ಮರ ಎಷ್ಟು ಒಣಗಿರಬೇಕು?

ದೋಣಿ ಇರುವುದೇ ನೀರಿನಲ್ಲಿ. ಹಾಗಿದ್ದ ಮೇಲೆ ಅದನ್ನು ಕಟ್ಟುವ ಮರ ಒಣಗಿರಬೇಕೆಂಬ ಹಠವೇಕೆ? ಈ ಪ್ರಶ್ನೆಗೆ ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿತು. ನೆಪೋಲಿಯನ್ನನ ಕಾಲದ ಯುದ್ಧದ ಒತ್ತಡದಲ್ಲಿ ಕಟ್ಟಿದ 'ಕ್ವೀನ್ ಷಾರ್ಲೆಟ್' ಎಂಬ ಹಡಗು 1810ರಲ್ಲಿ ನೀರಿಗಿಳಿಯಿತು. ಸರಿಯಾಗಿ ಒಣಗದ ಅದರ ಮರ, ಹಡಗು ಸೇವೆಗೆ ಹೊರಡುವ ಮೊದಲೇ ಕೊಳೆಯತೊಡಗಿತ್ತು. ಹಡಗಿನ ಈ ಪಾಠ ನಾಲ್ಕು ಜನ ಕೂರುವ ದೋಣಿಗೂ ಸಲ್ಲುತ್ತದೆ.

ಹಸಿ ಮರದಲ್ಲಿ ನೀರು ಎರಡು ಬಗೆಯಲ್ಲಿರುತ್ತದೆ. ಜೀವಕೋಶಗಳ ಟೊಳ್ಳಿನಲ್ಲಿ ತುಂಬಿರುವ ನೀರು ಮೊದಲು ಆರುತ್ತದೆ. ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಕೋಶದ ಗೋಡೆಗಳೊಳಗಿನ ನೀರು ಹೊರಬೀಳುತ್ತದೆ. ಕುಗ್ಗುವಿಕೆ ಶುರುವಾಗುವುದು ಆಗಲೇ. ಮರ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ, ಅಗಲದಲ್ಲಿ ಹೆಚ್ಚು. ಆದ್ದರಿಂದ ಹಸಿ ಹಲಗೆಗಳನ್ನು ಒತ್ತಾಗಿ ಜೋಡಿಸಿದ ದೋಣಿಯನ್ನು ದಡಕ್ಕೆಳೆದು ಬಿಸಿಲಿಗೆ ಬಿಟ್ಟರೆ ಸಂದಿಗಳು ಬಾಯಿ ಬಿಡುತ್ತವೆ. ತೇವ ಶೇಕಡಾ 20ಕ್ಕಿಂತ ಹೆಚ್ಚಾಗಿ ಉಳಿದ ಮರದಲ್ಲಿ ಕೊಳೆಸುವ ಶಿಲೀಂಧ್ರಗಳಿಗೂ ಅನುಕೂಲ.

ಹಾಗಾದರೆ ಎಷ್ಟು ಒಣಗಿದರೆ ಅಷ್ಟು ಒಳ್ಳೆಯದೇ? ಅದೂ ಅಲ್ಲ. ಮನೆಯೊಳಗಿನ ಪೀಠೋಪಕರಣಕ್ಕೆಂದು ಬಿಸಿಗಾಳಿಯ ಕೋಣೆಯಲ್ಲಿ ಶೇಕಡಾ 8ಕ್ಕೆ ಇಳಿಸಿದ ಹಲಗೆ ನೀರು ಕಂಡೊಡನೆ ಹಿಗ್ಗುತ್ತದೆ. ಪಕ್ಕದ ಹಲಗೆಯನ್ನು ಒತ್ತುತ್ತದೆ, ಮೊಳೆಗಳನ್ನು ಸಡಿಲಿಸುತ್ತದೆ, ಒಳಗಿನ ಪಕ್ಕೆಲುಬಿನಂಥ ಕಟ್ಟುಗಳನ್ನೂ ಮುರಿಯಬಹುದು. ದೋಣಿಯ ಮೈಗೆ ತಕ್ಕಂತೆ ಬಾಗಿಸಲೂ ಅಂಥ ಹಲಗೆ ಒಗ್ಗುವುದಿಲ್ಲ. ಹಲಗೆ ಜೋಡಿಸಿದ ದೋಣಿಗೆ ಶೇಕಡಾ 15ರ ಆಸುಪಾಸಿನ ತೇವ ಹಿತವಾದದ್ದು. ನೀರಿಗಿಳಿದಾಗ ಅದು ತುಸುವೇ ಹಿಗ್ಗಿ ಸಂದಿಗಳನ್ನು ತಾನೇ ಬಿಗಿ ಮಾಡುತ್ತದೆ.

ಇದನ್ನು ಅಳೆಯುವುದು ಕಷ್ಟವಲ್ಲ. ಹಲಗೆಯ ತುದಿ ಬೇಗ ಒಣಗುವುದರಿಂದ, ತುದಿ ಬಿಟ್ಟು ಒಳಗಿನಿಂದ ಒಂದು ತುಂಡು ಕತ್ತರಿಸಿ ತೂಗಬೇಕು. ಸುಮಾರು 103 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಬೇಕು. 115 ಗ್ರಾಂ ಇದ್ದದ್ದು 100 ಗ್ರಾಂಗೆ ಇಳಿದರೆ ತೇವಾಂಶ ಶೇಕಡಾ 15.

ಒಣಗಿಸಲು ನೆರಳು, ಗಾಳಿ, ತಾಳ್ಮೆ ಬೇಕು. ಹಲಗೆಗಳ ನಡುವೆ ರೀಪು ಇಟ್ಟು ಪೇರಿಸಬೇಕು. ಸೀಳದಂತೆ ತುದಿಗಳಿಗೆ ಬಣ್ಣ ಬಳಿಯಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಸ್ಥೂಲ ಲೆಕ್ಕ. ಬರ್ಮಾದ ಕಾಡುಗಳಲ್ಲಿ ಇನ್ನೂ ಮುಂಚೆಯೇ ಈ ಕೆಲಸ ಶುರುವಾಗುತ್ತಿತ್ತು. ಹಸಿ ತೇಗ ನದಿಯಲ್ಲಿ ತೇಲದಷ್ಟು ಭಾರ. ಹಾಗಾಗಿ ಬುಡದ ಸುತ್ತ ಬಳೆಯಂತೆ ಕಚ್ಚು ಹಾಕಿ, ಮರವನ್ನು ಎರಡು ಮೂರು ವರ್ಷ ನಿಂತಲ್ಲೇ ಒಣಗಲು ಬಿಟ್ಟು ಆಮೇಲೆ ಕಡಿಯುತ್ತಿದ್ದರು.

ಮರದ ಜಾತಿಯೂ ಮುಖ್ಯವೇ. ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಆದರೆ ಸಣ್ಣ ದೋಣಿ ಕಟ್ಟುವವನಿಗೆ ತೇಗ ಎಟುಕದಿರಬಹುದು. ಕಾಯುವುದು ಅವನ ಕೈಯಲ್ಲೇ ಇದೆ. ಮರ ಒಣಗಿಸುವಲ್ಲಿ ಉಳಿಸಿದ ಒಂದು ವರ್ಷವನ್ನು ಮುಂದೆ ನಡುನೀರಿನಲ್ಲಿ ತೆರಬೇಕಾದೀತು.