ಸಣ್ಣ ಜನರೇಟರ್ ಎಂಜಿನ್ ಬಿಚ್ಚುವ ಕ್ರಮ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ, ಚೆಕೊಸ್ಲೊವಾಕಿಯಾದ ತಂತ್ರಜ್ಞಾನದಲ್ಲಿ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸುತ್ತ, ಟೂ ಸ್ಟ್ರೋಕ್ ಎಂಜಿನ್ ಬಿಚ್ಚಿ ಜೋಡಿಸುವ ವಿದ್ಯೆಯನ್ನು ನಗರದಲ್ಲಿ ಬೇರೂರಿಸಿತು. ಆ ಎಂಜಿನ್‌ಗೆ ವಾಲ್ವ್‌ಗಳಿಲ್ಲ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟ್ ಒತ್ತಿ ಕೂಡಿಸಿದ ತುಂಡುಗಳಿಂದಾದದ್ದರಿಂದ, ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಪ್ರೆಸ್ ಇಲ್ಲದೆ ಹೊರಬರುವುದಿಲ್ಲ. ಅಂಗಡಿಗಳ ಮುಂದೆ ಕಾಣುವ ಇಂದಿನ ಸಣ್ಣ ಪೆಟ್ರೋಲ್ ಜನರೇಟರ್‌ಗಳು ಬಹುಪಾಲು ಫೋರ್ ಸ್ಟ್ರೋಕ್ ಆಗಿರುವುದರಿಂದ ಅವನ್ನು ಬಿಚ್ಚುವ ಕ್ರಮವೇ ಬೇರೆ.

ಸ್ಪಾರ್ಕ್ ಪ್ಲಗ್ಗಿನ ವಯರ್ ಕಿತ್ತು, ಪೆಟ್ರೋಲ್ ಮತ್ತು ಆಯಿಲ್ ಇಳಿಸಿದ ಮೇಲೆ ಮೊದಲು ಕಳಚಬೇಕಾದದ್ದು ವಿದ್ಯುತ್ ಉತ್ಪಾದಿಸುವ ಭಾಗ. ಸುರುಳಿಗಳ ಸ್ಟೇಟರ್ ಸುಲಭವಾಗಿ ಬರುತ್ತದೆ. ಆದರೆ ಕ್ರ್ಯಾಂಕ್‌ಶಾಫ್ಟಿನ ಕಿರಿದಾಗುತ್ತ ಹೋಗುವ ತುದಿಯಲ್ಲಿ ಉದ್ದನೆಯ ಬೋಲ್ಟಿನಿಂದ ಬಿಗಿಯಾಗಿ ಕೂತ ರೋಟರನ್ನು ಸುತ್ತಿಗೆಯಿಂದ ಬಡಿದು ತೆಗೆಯಹೋದರೆ ಶಾಫ್ಟ್ ಬಾಗುವ ಅಪಾಯವಿದೆ. ಎದುರು ಬದಿಯ ಫ್ಲೈವೀಲ್‌ಗೂ ಇದೇ ಮಾತು. ಅದಕ್ಕೆ ಪುಲ್ಲರ್ ಬೇಕೇ ಬೇಕು. ಫ್ಲೈವೀಲಿನಡಿಯ ಪುಟ್ಟ ಲೋಹದ ಕೀ ತುಂಡಾಗಿದ್ದರೆ ಕಿಡಿ ಹೊತ್ತುವ ಗಳಿಗೆಯೇ ತಪ್ಪುತ್ತದೆ.

ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸದಿದ್ದರೆ ಹೆಡ್ ಸೊಟ್ಟಗಾಗಬಹುದು. ವಾಲ್ವ್ ತೆರೆಯಲು ನೆರವಾಗುವ ಪುಶ್‌ರಾಡ್‌ಗಳು ತಮ್ಮ ತಮ್ಮ ಜಾಗಕ್ಕೆ ಒಗ್ಗಿಕೊಂಡು ಸವೆದಿರುವುದರಿಂದ ಒಳಹರಿವಿನದನ್ನೂ ಹೊಗೆ ಕಡೆಯದನ್ನೂ ಗುರುತು ಮಾಡಿ ಬೇರೆಬೇರೆ ಇಡಬೇಕು. ಕ್ರ್ಯಾಂಕ್‌ಕೇಸಿನ ಮುಚ್ಚಳ ತೆರೆದಾಗ ಕಾಣುವ ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ಸಕಾಲದಲ್ಲಿ ತೆರೆಸುತ್ತದೆ. ಅದರ ಹಲ್ಲಿನ ಮೇಲಿನ ಗುರುತೂ ಕ್ರ್ಯಾಂಕಿನ ಗುರುತೂ ಎದುರುಬದುರಾಗುವುದನ್ನು ಆಗಲೇ ನೋಡಿಟ್ಟುಕೊಳ್ಳದವರು ಜೋಡಣೆಯಲ್ಲಿ ತೊಂದರೆಗೆ ಸಿಲುಕುತ್ತಾರೆ. ಒಳಗಿನ ಗವರ್ನರ್, ಎರಡು ಧ್ರುವಗಳ ಜನರೇಟರ್‌ನಲ್ಲಿ ವೇಗವನ್ನು ನಿಮಿಷಕ್ಕೆ 3000 ಸುತ್ತಿನ ಸುತ್ತಮುತ್ತ ಹಿಡಿದು, 50 ಹರ್ಟ್ಜ್ ವಿದ್ಯುತ್ ಸಿಗುವಂತೆ ಮಾಡುತ್ತದೆ.

ಇಲ್ಲಿ ಕನೆಕ್ಟಿಂಗ್ ರಾಡ್ ಎರಡು ತುಂಡಾಗಿರುತ್ತದೆ. ರಾಡ್ ಮತ್ತು ಅದರ ಕೆಳಗಿನ ಕ್ಯಾಪ್ ಒಂದೇ ಜೋಡಿಯಾಗಿ ಕೊರೆದವಾದ್ದರಿಂದ ದಿಕ್ಕು ಬದಲಾಗಬಾರದು. ಸಿಲಿಂಡರಿನ ಮೇಲಂಚಿನ ಕಾರ್ಬನ್ ಕೆರೆದ ಬಳಿಕವೇ ಪಿಸ್ಟನ್ನನ್ನು ಮೇಲಕ್ಕೆ ತಳ್ಳುವುದು ಸರಿ, ಇಲ್ಲದಿದ್ದರೆ ರಿಂಗುಗಳು ಮುರಿಯಬಹುದು.

ಇಷ್ಟೆಲ್ಲ ಶ್ರಮ ಎಷ್ಟೋ ಸಲ ಅನಗತ್ಯ. ತಿಂಗಳುಗಟ್ಟಲೆ ನಿಂತ ಜನರೇಟರ್ ಚಾಲೂ ಆಗದಿದ್ದರೆ, ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಜೆಟ್ ಮುಚ್ಚಿರುವುದೇ ಸಾಮಾನ್ಯ ಕಾರಣವಾದ್ದರಿಂದ, ಎಂಜಿನ್‌ಗೆ ಸ್ಪ್ಯಾನರ್ ಹಾಕುವ ಮುನ್ನ ಮಾಲೀಕರು ಕಾರ್ಬುರೇಟರನ್ನು ತೊಳೆಸಿ ನೋಡಬೇಕು.