ನಿಮಗಿದು ಗೊತ್ತೇ? ಪಂಚಾಯಿತಿ, ಪುರಸಭೆಗಳ ಕಾನೂನು ಪ್ರಶ್ನೆಗಳು

‘ಅಧ್ಯಕ್ಷರು ಫೋನಿನಲ್ಲಿ ಹೇಳಿದರು, ಅದಕ್ಕೇ ಬಿಲ್ ಪಾಸು ಮಾಡಿದೆ’ ಎಂಬ ಮಾತು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಹೇಳಿದವರು ‘ನಾನು ಹೇಳೇ ಇಲ್ಲ’ ಎಂದರೆ ಮುಗಿಯಿತು. ಕಡತದಲ್ಲಿ ಉಳಿದಿರುವುದು ನಿಮ್ಮ ಸಹಿ ಮಾತ್ರ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಸೂಚನೆ ಬಂದರೆ ಅದನ್ನು ದಾಖಲಿಸಬೇಕು. ತೀರ್ಪು ಬಂದದ್ದು ಉನ್ನತ ನಾಗರಿಕ ಸೇವೆಗಳ ವಿಚಾರದಲ್ಲಿ. ಆದರೆ ಅದರ ತಿರುಳು ಹೆಚ್ಚು ಬೇಕಾಗಿರುವುದು ಪಿಡಿಒ ಮೇಜಿಗೆ. ಟಿಪ್ಪಣಿ ಹಾಳೆಯಲ್ಲಿ ‘ಮಾನ್ಯ ಅಧ್ಯಕ್ಷರು ಇಂದು ದೂರವಾಣಿಯಲ್ಲಿ ತಿಳಿಸಿದಂತೆ’ ಎಂದು ಬರೆಯಿರಿ, ದಿನಾಂಕ ಹಾಕಿ, ದೃಢೀಕರಣಕ್ಕೆ ಕಡತ ಮಂಡಿಸಿ. ನ್ಯಾಯವಾದ ಸೂಚನೆಯಾಗಿದ್ದರೆ ಅವರು ಸಹಿ ಹಾಕುತ್ತಾರೆ. ಹಾಕದಿದ್ದರೆ ನಿಮಗೆ ಅಲ್ಲೇ ಉತ್ತರ ಸಿಕ್ಕಿತು.

ಅಧ್ಯಕ್ಷೆಯ ಪತಿಗೆ ಸಭೆಯಲ್ಲಿ ಕುರ್ಚಿ ಕೊಡುವ ಕಾನೂನು ಎಲ್ಲಿಯೂ ಇಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆಂದು 2010ರಲ್ಲೇ ತಿದ್ದುಪಡಿಯಾಯಿತು. ಪತ್ನಿಯ ಪರವಾಗಿ ಪತಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದರೆ ಅದು ನಕಲಿ ಸಹಿಯ ಪ್ರಕರಣವಾಗಬಹುದು. ಪುಸ್ತಕ ಮುಂದಿಟ್ಟ ನೌಕರನೂ ಉತ್ತರ ಹೇಳಬೇಕಾಗುತ್ತದೆ.

ಸದಸ್ಯರು ತಮ್ಮದೇ ಪಂಚಾಯಿತಿಯ ಕಾಮಗಾರಿಯನ್ನು ಗುತ್ತಿಗೆ ಹಿಡಿಯುವಂತಿಲ್ಲ. ಬೇರೆಯವರ ಹೆಸರಿನಲ್ಲಿ ಪಾಲು ಇಟ್ಟುಕೊಂಡರೂ ಅಷ್ಟೇ. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಇದು ಸದಸ್ಯತ್ವವನ್ನೇ ಕಳೆಯುವ ಅನರ್ಹತೆ.

‘ನಾನು ನೌಕರನಲ್ಲ, ಚುನಾಯಿತ ಸದಸ್ಯ, ಲಂಚದ ಕಾಯ್ದೆ ನನಗೆ ತಾಗದು’ ಎಂದುಕೊಂಡವರು ಇದ್ದಾರೆ. ತಾಗುತ್ತದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಕಣ್ಣಿಗೆ ಸಾರ್ವಜನಿಕ ಕರ್ತವ್ಯವುಳ್ಳ ಹುದ್ದೆಯಲ್ಲಿ ಇರುವವರೆಲ್ಲ ಸಾರ್ವಜನಿಕ ಸೇವಕರೇ. ಲಂಚ ಪಡೆದದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ಲೋಕಾಯುಕ್ತದವರು ಬಲೆ ಬೀಸುವಾಗ ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ. ನೋಟು ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣವೊಂದೇ ಸಾಲದು. ಹಣ ಕೇಳಿದ್ದೂ ಸಾಬೀತಾಗಬೇಕು. ದೂರುದಾರ ಸತ್ತರೆ ಅಥವಾ ಮಾತು ತಿರುಗಿಸಿದರೆ? ಸಾಂದರ್ಭಿಕ ಸಾಕ್ಷ್ಯದಿಂದಲೂ ಅದನ್ನು ಸಾಬೀತು ಮಾಡಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಲಂಚ ಕೊಟ್ಟವರೂ 2018ರ ತಿದ್ದುಪಡಿಯ ನಂತರ ಅಪರಾಧಿಗಳು. ಬಲವಂತಕ್ಕೆ ಕೊಟ್ಟು, 7 ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ವಿನಾಯಿತಿ.

ಮಾಹಿತಿ ಹಕ್ಕಿನ ಅರ್ಜಿಗೆ 30 ದಿನ ಮೀರಿದರೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ದಂಡ. ಇದು ಪಂಚಾಯಿತಿ ನಿಧಿಯಿಂದ ಹೋಗುವ ಹಣವಲ್ಲ, ಮಾಹಿತಿ ಅಧಿಕಾರಿಯ ಸ್ವಂತ ಜೇಬಿನದು. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಅಂಶವೂ ಕಾಯ್ದೆಯಲ್ಲಿದೆ. ಕಡತ ಬಿಲ್ ಕಲೆಕ್ಟರ್ ಬಳಿಯೋ ಎಂಜಿನಿಯರ್ ಬಳಿಯೋ ಇದ್ದರೆ ಅವರ ನೆರವು ಕೇಳಬಹುದು. ಕೇಳಿದ ಮೇಲೆ ಆ ಮಟ್ಟಿಗೆ ಅವರೂ ಮಾಹಿತಿ ಅಧಿಕಾರಿಯೇ ಆಗುತ್ತಾರೆ, ದಂಡಕ್ಕೂ ಒಳಪಡುತ್ತಾರೆ. ಹಾಗಾಗಿ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆದಿಡಿ. ಮಾಹಿತಿ ತಮ್ಮ ಕಚೇರಿಯದಲ್ಲದಿದ್ದರೆ ಅರ್ಜಿಯನ್ನು ಸಂಬಂಧಪಟ್ಟವರಿಗೆ ವರ್ಗಾಯಿಸಲು ಇರುವುದು 5 ದಿನ.

ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರ. ಇದೂ ಅಧಿಕಾರಿಯಿಂದಲೇ ವಸೂಲಿ.

ಖಾತೆ ಮಾಲೀಕತ್ವದ ಪತ್ರವಲ್ಲ. ಅದು ಕಂದಾಯ ಕಟ್ಟಲು ಇರುವ ನಮೂದು ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅಣ್ಣತಮ್ಮಂದಿರ ಮಾಲೀಕತ್ವದ ಜಗಳವನ್ನು ಪಂಚಾಯಿತಿ ತೀರ್ಮಾನಿಸಲಾಗದು. ಅದಕ್ಕೆ ಸಿವಿಲ್ ಕೋರ್ಟ್ ಇದೆ.

ಊರ ಕೆರೆ, ಗುಂಡುತೋಪು, ಸ್ಮಶಾನದ ಒತ್ತುವರಿಯನ್ನು ‘ಮನೆ ಕಟ್ಟಿಬಿಟ್ಟಿದ್ದಾರೆ, ಇನ್ನೇನು ಮಾಡುವುದು’ ಎಂದು ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡಬಹುದೇ? ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೆರೆಯ ಜಾಗಕ್ಕೆ ಹೀಗೆಯೇ ಆಗಿತ್ತು. 2011ರ ಜನವರಿ 28ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಎಷ್ಟು ಖರ್ಚು ಮಾಡಿ ಕಟ್ಟಿದ್ದರೂ, ಎಷ್ಟು ವರ್ಷ ವಾಸವಿದ್ದರೂ ಅದು ಸಕ್ರಮಕ್ಕೆ ಕಾರಣವಾಗದು ಎಂದಿತು. ಹಳ್ಳಿಗಳ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ರೂಪಿಸಿ ಎಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು.

ತೆರವು ಎಂದ ಮಾತ್ರಕ್ಕೆ ಬೆಳಿಗ್ಗೆ ಜೆಸಿಬಿ ನಿಲ್ಲಿಸುವಂತಿಲ್ಲ. ಕಟ್ಟಡ ಕೆಡವುವ ಮುನ್ನ ಕನಿಷ್ಠ 15 ದಿನದ ನೋಟಿಸ್ ಬೇಕೆಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಸ್ಥಳೀಯ ಕಾಯ್ದೆಯ ಅವಧಿ ಇನ್ನೂ ಹೆಚ್ಚಿದ್ದರೆ ಅಷ್ಟು ದಿನ. ನೋಟಿಸು ನೋಂದಾಯಿತ ಅಂಚೆಯಲ್ಲಿ ಹೋಗಬೇಕು, ಕಟ್ಟಡಕ್ಕೂ ಅಂಟಿಸಬೇಕು. ಮಾಲೀಕರ ಮಾತು ಕೇಳಬೇಕು, ಅಂತಿಮ ಆದೇಶದಲ್ಲಿ ಕಾರಣ ಬರೆಯಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು. ನಿಯಮ ಮೀರಿ ಕೆಡವಿದ್ದರೆ ಮತ್ತೆ ಕಟ್ಟಿಕೊಡುವ ವೆಚ್ಚ, ಪರಿಹಾರ ಎರಡೂ ಅಧಿಕಾರಿಗಳ ವೈಯಕ್ತಿಕ ಹೊಣೆ. ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ಕೆರೆ ನದಿಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಮತ್ತು ಕೋರ್ಟೇ ಕೆಡವಲು ಹೇಳಿದವಕ್ಕೆ ಈ ನಿಯಮ ಅನ್ವಯಿಸದು. ಫುಟ್‌ಪಾತ್ ಹೊರಗಿಟ್ಟರೆಂದು ತಳ್ಳುಗಾಡಿಯವರ ಮೇಲೆ ಏರಿಹೋಗಬೇಡಿ. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ: ಎಬ್ಬಿಸಲು 30 ದಿನದ ನೋಟಿಸ್ ಕೊಡಬೇಕು. ಜಪ್ತಿ ಮಾಡಿದ ತರಕಾರಿ, ಹೂವುಗಳನ್ನು ಅವರು ಕೇಳಿದ ದಿನವೇ ಹಿಂದಿರುಗಿಸಬೇಕು.

‘ಚರಂಡಿಗೆ ಅನುದಾನವಿಲ್ಲ’ ಎಂಬ ಹಿಂಬರಹ ಬಹಳ ಕಚೇರಿಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಯೂ ಇದನ್ನೇ ಹೇಳಿತ್ತು. ತೆರೆದ ಮೋರಿ, ಶೌಚಾಲಯವಿಲ್ಲದ ಕೊಳೆಗೇರಿ, ಮದ್ಯಸಾರ ಕಾರ್ಖಾನೆಯ ನಾರುವ ನೀರು. ತಾಳಲಾರದ ನಿವಾಸಿಗಳು ಮ್ಯಾಜಿಸ್ಟ್ರೇಟರ ಮೊರೆಹೋದರು. ಆರು ತಿಂಗಳಲ್ಲಿ ಯೋಜನೆ ಸಿದ್ಧಪಡಿಸಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಿದರೆ, ಪುರಸಭೆ ಕೆಲಸಕ್ಕಿಳಿಯುವ ಬದಲು ಸುಪ್ರೀಂ ಕೋರ್ಟಿನವರೆಗೆ ಮೇಲ್ಮನವಿ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಇಂದಿಗೂ ಪ್ರತಿ ಮುಖ್ಯಾಧಿಕಾರಿ ಓದಬೇಕಾದದ್ದು: ಹಣವಿಲ್ಲವೆಂಬುದು ನೈರ್ಮಲ್ಯದ ಹೊಣೆ ತಪ್ಪಿಸಿಕೊಳ್ಳಲು ನೆಪವಾಗದು. ಅದೇ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ನಿಮ್ಮ ಊರಿನವರೂ ಅದನ್ನು ಬಳಸಬಹುದು.

ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಸ್ಥಳೀಯ ಸಂಸ್ಥೆಗಳನ್ನು ಹೆಸರಿಸಿಯೇ ಹೇಳುತ್ತದೆ: ಸುರಕ್ಷತಾ ಸಾಧನ, ಮುನ್ನೆಚ್ಚರಿಕೆಗಳಿಲ್ಲದೆ ಒಳಚರಂಡಿ, ಶೌಚಗುಂಡಿ ಸ್ವಚ್ಛಮಾಡಲು ಯಾರನ್ನೂ ನೇರವಾಗಿ ಇಲ್ಲವೇ ಪರೋಕ್ಷವಾಗಿ ನೇಮಿಸುವಂತಿಲ್ಲ. ಆ ‘ಪರೋಕ್ಷವಾಗಿ’ ಎಂಬುದನ್ನು ಗಮನಿಸಿ. ‘ನಾವು ಕಳಿಸಲಿಲ್ಲ, ಗುತ್ತಿಗೆದಾರ ಕಳಿಸಿದ’ ಎಂಬ ಸಬೂಬು ಅಲ್ಲೇ ಮುಚ್ಚಿಹೋಗುತ್ತದೆ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, 2 ಲಕ್ಷದವರೆಗೆ ದಂಡ. ಸಾವಿಗೆ 10 ಲಕ್ಷವಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು 30 ಲಕ್ಷಕ್ಕೆ ಏರಿಸಿತು. ಮಳೆಗಾಲದಲ್ಲಿ ಮೋರಿ ಕಟ್ಟಿಕೊಂಡು, ವಾರ್ಡಿನವರು ಒಂದೇ ಸಮ ಫೋನ್ ಮಾಡುತ್ತಿರುವಾಗ, ಯಂತ್ರ ಬರುವುದು ತಡವಾಗುತ್ತದೆ ಎಂದು ಒಬ್ಬ ಹುಡುಗನನ್ನು ಇಳಿಸುವ ಆತುರ ಯಾವ ಎಂಜಿನಿಯರಿಗೂ ಬರಬಾರದು. ನೀರು ಇನ್ನೊಂದು ದಿನ ನಿಲ್ಲಲಿ.

ನೌಕರರ ಪರವಾದ ಕಾನೂನೂ ಇದೆ. ಸರ್ಕಾರಿ ನೌಕರರು 48 ಗಂಟೆ ಮೀರಿ ಪೊಲೀಸರ ವಶದಲ್ಲಿದ್ದರೆ ತಾನಾಗಿ ಅಮಾನತು, ನಿಜ. ಆದರೆ ಆರೋಪಪಟ್ಟಿ ಕೊಡದೆ ಮೂರು ತಿಂಗಳಿಗಿಂತ ಹೆಚ್ಚು ಅಮಾನತಿನಲ್ಲಿಡಬಾರದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವನಾಧಾರ ಭತ್ಯೆಯ ತೀರ್ಪಂತೂ ನಮ್ಮ ಕೆಜಿಎಫ್‌ನದೇ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನ ಸಿಕ್ಕಿತೆಂದು 1985ರಲ್ಲಿ ಅಮಾನತು ಮಾಡಿದರು, ಭತ್ಯೆ ಕೊಡಲಿಲ್ಲ. ಕೇರಳದ ಮನೆಯಿಂದ ವಿಚಾರಣೆಗೆ ಬರಲು ಅವರ ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ಅವರು 1999ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಭತ್ಯೆ ಕೊಡದೆ ವಿಚಾರಣೆ ನಡೆಸುವುದು ಬದುಕುವ ಹಕ್ಕಿಗೇ ವಿರುದ್ಧ ಎಂದಿತು ಕೋರ್ಟು.

ದಿನಗೂಲಿಯವರು ಎಷ್ಟು ವರ್ಷ ದುಡಿದರೂ ತಾನಾಗಿ ಕಾಯಂ ಆಗುವುದಿಲ್ಲ ಎಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪೂ ಕರ್ನಾಟಕದ ಪ್ರಕರಣದ್ದೇ. ಅದನ್ನೇ ನೆಪವಾಗಿಸಿ ದಶಕಗಟ್ಟಲೆ ದುಡಿದವರನ್ನು ಕೈಬಿಡುವುದು ತಪ್ಪು ಎಂದು ಅದೇ ಕೋರ್ಟಿನ 2024ರ ಡಿಸೆಂಬರ್ 20ರ ಜಗ್ಗೋ ತೀರ್ಪು ಹೇಳಿದೆ. ನೀರುಗಂಟಿಗಳೇ, ನಿಮ್ಮ ಹಾಜರಾತಿ, ಸಂಬಳ ಪಾವತಿಯ ಪ್ರತಿಗಳನ್ನು ಇಂದೇ ಮಾಹಿತಿ ಹಕ್ಕಿನಡಿ ತೆಗೆಸಿಟ್ಟುಕೊಳ್ಳಿ.